ಗಿರಾಕಿಯೂ ಪಾಲುಗಾರನೂ

ದಿನವೂ ಕೈಗೆ ಬರುವ ವಸ್ತುವಿನ ಮೇಲೆ ಮನುಷ್ಯನಿಗೆ ಒಂದು ಬಗೆಯ ಮಮತೆ ಹುಟ್ಟುವುದು ಸಹಜ. ಮಜ್ಜಿಗೆ ಕಡೆಯುವ ಕಡೆಗೋಲು, ಲೆಕ್ಕ ಬರೆಯುವ ಲೇಖನಿ, ಹೊಲಕ್ಕೆ ಹೋಗುವಾಗ ಹೆಗಲೇರುವ ಕಂಬಳಿ ಇವೆಲ್ಲವೂ ಬಳಕೆಯ ಬಲದಿಂದಲೇ ಮನೆಯವರಂತಾಗಿಬಿಡುತ್ತವೆ. ಈ ಕಾಲದಲ್ಲಿ ಆ ಸ್ಥಾನವು ಜೇಬಿನೊಳಗಿನ ದೂರವಾಣಿಗೆ ಸಂದಿದೆ. ಹೀಗಿರಲಾಗಿ, ಆ ದೂರವಾಣಿಯನ್ನು ನಡೆಸುವ ಕಂಪೆನಿಯು ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಲು ಹೊರಟರೆ, ಆ ಸುದ್ದಿಯು ಗಿರಾಕಿಯ ಕಿವಿಗೆ ವ್ಯಾಪಾರದ ಮಾತಿನಂತೆ ಕೇಳಿಸದೆ ನಂಟಸ್ತಿಕೆಯ ಕರೆಯಂತೆ ಕೇಳಿಸುವುದುಂಟು. ಇಷ್ಟು ವರ್ಷ ಹಣ ಕೊಟ್ಟು ಮಾತನಾಡಿದವನು ಇನ್ನು ಮುಂದೆ ಆ ಮಾತಿನ ಲಾಭದಲ್ಲಿಯೂ ಪಾಲು ಪಡೆಯಬಾರದೇಕೆ? ಪ್ರಶ್ನೆಯು ನೋಡುವುದಕ್ಕೆ ಸುಲಭವಾಗಿದೆ. ಉತ್ತರವು ಅಷ್ಟು ಸುಲಭವಾದುದಲ್ಲ.

ಇದು ಬರಿಯ ಕಲ್ಪನೆಯ ಪ್ರಶ್ನೆಯೂ ಅಲ್ಲ. 2025ರ ಆಗಸ್ಟ್ 29ರಂದು ರಿಲಯನ್ಸ್ ಇಂಡಸ್ಟ್ರೀಸ್ ಕಂಪೆನಿಯ ವಾರ್ಷಿಕ ಸಭೆಯಲ್ಲಿ, ಅದರ ಅಧ್ಯಕ್ಷರಾದ ಮುಕೇಶ್ ಅಂಬಾನಿಯವರು, ಅಗತ್ಯವಾದ ಅನುಮತಿಗಳೆಲ್ಲ ದೊರೆತರೆ 2026ರ ಪೂರ್ವಾರ್ಧದೊಳಗೆ ಜಿಯೋ ಕಂಪೆನಿಯನ್ನು ಷೇರುಪೇಟೆಗೆ ತರುವ ಉದ್ದೇಶವಿದೆಯೆಂದು ಪ್ರಕಟಿಸಿದರು. ಜಿಯೋದ ಗಿರಾಕಿಗಳ ಸಂಖ್ಯೆ 50 ಕೋಟಿಯನ್ನು ದಾಟಿತೆಂದೂ ಅದೇ ಸಭೆಯಲ್ಲಿ ಹೇಳಲಾಯಿತು. ಈ ಕಂಪೆನಿಯು 2016ರ ಸೆಪ್ಟೆಂಬರ್ 5ರಂದು ತನ್ನ ಸೇವೆಯನ್ನು ಆರಂಭಿಸಿದಾಗ ಅದರಲ್ಲಿ ಒಂದು ಹೊಸತನವಿದ್ದಿತು. ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಅವರ ನಡುವೆ ಒಂದು ಹಾದಿಯನ್ನು ಅವರಿಗಾಗಿಯೇ ಮೀಸಲಿಡಬೇಕಾಗಿದ್ದಿತು. ಜಿಯೋದ ಜಾಲದಲ್ಲಿಯಾದರೋ ಮಾತನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪತ್ರ, ಚಿತ್ರ, ಚಲಚ್ಚಿತ್ರಗಳು ಸಂಚರಿಸುವ ಅಂತರಜಾಲದ ಕ್ರಮದಿಂದಲೇ ಸಾಗಿಸುತ್ತಾರೆ. ಅಂದಮೇಲೆ ಇದನ್ನು ಅಂತರಜಾಲದ ದೂರವಾಣಿ ಕಂಪೆನಿಯೆಂದು ಕರೆಯುವುದರಲ್ಲಿ ತಪ್ಪಿಲ್ಲ. ಮೊದಲ ಕೆಲವು ತಿಂಗಳು, ಅಂದರೆ 2017ರ ಮಾರ್ಚ್ ಮುಗಿಯುವವರೆಗೆ, ಕಂಪೆನಿಯು ಗಿರಾಕಿಗಳಿಂದ ಹಣವನ್ನೇ ಕೇಳಲಿಲ್ಲ. ಜನರ ಮಮತೆಯು ಬೇರೂರಿದ್ದು ಆ ದಿನಗಳಲ್ಲಿ.

ಈ ಪ್ರಶ್ನೆಯ ಭಾರವು ಮುಂಬಯಿಯ ದಲ್ಲಾಳಿಗಳ ಬೀದಿಗಿಂತಲೂ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಂತಹ ಊರಿನಲ್ಲಿ ಹೆಚ್ಚು ಸ್ಪಷ್ಟವಾಗಿ ತಿಳಿದುಬರುತ್ತದೆ. ಭೀಮೇಶ್ವರನ ಪುರಾತನ ಗುಡಿಯಿಂದ ಪ್ರಸಿದ್ಧವಾದ ಆ ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರಿದ್ದಾರೆಂದು ಭಾವಿಸಬಹುದು. ಅವರಿಗೆ ಮಳೆಯನ್ನು ನಂಬಿದ ಮೂರೆಕರೆ ಹೊಲವುಂಟು, ತಿಂಗಳಿಗೆ ಬರುವ ಪಿಂಚಣಿಯುಂಟು, ಬ್ಯಾಂಕಿನಲ್ಲಿ ಎರಡು ಲಕ್ಷ ರೂಪಾಯಿಗಳುಂಟು. ಆ ಎರಡು ಲಕ್ಷಕ್ಕೆ ಮನೆಯಲ್ಲಿ ಮೂರು ಹೆಸರುಗಳಿವೆ: ಒಂದು ಬತ್ತುತ್ತಿರುವ ಕೊಳವೆಬಾವಿಯ ದುರಸ್ತಿ, ಇನ್ನೊಂದು ಮೊಮ್ಮಗಳ ಕಾಲೇಜು, ಮತ್ತೊಂದು ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಮುಪ್ಪಿನ ಕಾಯಿಲೆ. ಬೆಂಗಳೂರಿನಲ್ಲಿರುವ ಮಗನೊಡನೆ ಅವರು ದಿನವೂ ಸಂಜೆ ಮಾತನಾಡುವುದು ಈ ಕಂಪೆನಿಯ ದೂರವಾಣಿಯಲ್ಲಿಯೇ. “ಅಪ್ಪಾ, ಇಷ್ಟು ವರ್ಷದಿಂದ ಬಳಸುತ್ತಿದ್ದೀರಿ, ಒಂದು ದಿನವಾದರೂ ಕೈಕೊಟ್ಟಿದೆಯೇ? ಇದಕ್ಕಿಂತ ಹೆಚ್ಚು ತಿಳಿದುಕೊಳ್ಳಬೇಕಾದದ್ದು ಏನಿದೆ?” ಎಂದು ಮಗನು ಕೇಳುತ್ತಾನೆ. ಒಳಗೆ ಜೋಳದ ಹಿಟ್ಟು ನಾದುತ್ತಿರುವ ಅವರ ಪತ್ನಿಗೆ ಈ ಮಾತು ಕೇಳಿಸುತ್ತದೆ. “ಹಾಲು ಚಲೋ ಐತಿ ಅಂತ ಎಮ್ಮೀನ ಕೊಳ್ಳೋದಾದ್ರ, ಅದು ಎಷ್ಟನೇ ಸೂಲಿಂದು, ಎಷ್ಟು ರೊಕ್ಕ ಹೇಳ್ತಾರ ಅಂತ ಕೇಳಬೇಕಲ್ರೀ” ಎಂದು ಆಕೆ ಅಲ್ಲಿಂದಲೇ ಹೇಳುತ್ತಾಳೆ.

ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದರಲ್ಲಿ ಅರ್ಧ ಪಾಲು ಈ ಮಾತಿನಲ್ಲಿ ಅಡಗಿದೆ. ಹಾಲು ಕುಡಿಯುವವನಿಗೆ ಹಾಲಿನ ರುಚಿ ಗೊತ್ತು. ಎಮ್ಮೆಯನ್ನು ಕೊಳ್ಳುವವನಿಗೆ ಅದರ ಹಲ್ಲು, ಕೆಚ್ಚಲು, ಸೂಲು, ಮೇವಿನ ಖರ್ಚು, ಕೊನೆಗೆ ಕೇಳುತ್ತಿರುವ ಬೆಲೆ ಇವಿಷ್ಟೂ ಗೊತ್ತಿರಬೇಕು. ಒಳ್ಳೆಯ ಎಮ್ಮೆಯನ್ನೂ ಇಮ್ಮಡಿ ಬೆಲೆಗೆ ಕೊಂಡರೆ ನಷ್ಟವೇ ಆಗುವುದು. ದೂರವಾಣಿಯ ಗಿರಾಕಿಗೆ ಧ್ವನಿಯು ಸ್ಫುಟವಾಗಿ ಕೇಳುವುದೋ ಇಲ್ಲವೋ ಎಂಬುದು ಅನುಭವಸಿದ್ಧ. ಆದರೆ ಕಂಪೆನಿಯ ಸಾಲವೆಷ್ಟು, ತರಂಗಗಳ ಹಕ್ಕಿಗಾಗಿ ಸರಕಾರಕ್ಕೆ ಕೊಡಬೇಕಾದುದೆಷ್ಟು, ಗಿರಾಕಿಯೊಬ್ಬನಿಂದ ತಿಂಗಳಿಗೆ ಬರುವ ಹಣವೆಷ್ಟು, ಒಂದು ರೂಪಾಯಿ ಲಾಭಕ್ಕೆ ಎಷ್ಟು ರೂಪಾಯಿ ಬೆಲೆ ಕೇಳುತ್ತಿದ್ದಾರೆ ಎಂಬ ವಿಷಯಗಳಲ್ಲಿ ಅವನ ಹತ್ತು ವರ್ಷದ ಬಳಕೆಯು ಒಂದಕ್ಷರವನ್ನೂ ಕಲಿಸಿರುವುದಿಲ್ಲ.

ಬೆಲೆಯ ವಿಚಾರದಲ್ಲಿ ಒಂದು ಅಳತೆಗೋಲು ಉಂಟು. 2020ರ ಏಪ್ರಿಲಿನಲ್ಲಿ ಅಮೆರಿಕದ ಫೇಸ್‌ಬುಕ್ ಕಂಪೆನಿಯು ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ ನೂರಕ್ಕೆ 9.99ರಷ್ಟು ಪಾಲನ್ನು 43,574 ಕೋಟಿ ರೂಪಾಯಿಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ವರ್ಷ ಜುಲೈಯಲ್ಲಿ ಗೂಗಲ್ ಕಂಪೆನಿಯು ನೂರಕ್ಕೆ 7.73ರಷ್ಟು ಪಾಲಿಗೆ 33,737 ಕೋಟಿಯನ್ನು ಒಪ್ಪಿಕೊಂಡಿತು. ಸರಳ ತ್ರೈರಾಶಿಯಿಂದ ಲೆಕ್ಕ ಹಾಕಿದರೆ, ಆ ದೊಡ್ಡ ಪಾಲುಗಾರರು ಇಡೀ ಕಂಪೆನಿಗೆ ಕಟ್ಟಿದ ಬೆಲೆ ಸುಮಾರು 4,36,000 ಕೋಟಿ ರೂಪಾಯಿಗಳು. ನೀಲಗುಂದದ ಉಪಾಧ್ಯಾಯರು ಬಾಗಿಲಿಗೆ ಬರುವ ಹೊತ್ತಿಗೆ ಕೇಳುವ ಬೆಲೆಯು ಇದರ ಎಷ್ಟರಷ್ಟು ಎಂಬುದು ಅವರು ಕೇಳಬೇಕಾದ ಮೊದಲ ಪ್ರಶ್ನೆ. ಅದು ಎರಡರಷ್ಟು, ಮೂರರಷ್ಟು ಆಗಿದ್ದ ಮಾತ್ರಕ್ಕೆ ಅನ್ಯಾಯವೆಂದು ತಿಳಿಯಬೇಕಾಗಿಲ್ಲ. ನಡುವಣ ವರ್ಷಗಳಲ್ಲಿ ಕಂಪೆನಿಯ ಆದಾಯವೂ ಬೆಳೆದಿರುತ್ತದೆ. ಆದರೆ ಮೊದಲು ಬಂದವರು ಉಂಡೆದ್ದ ಪಂಕ್ತಿಯಲ್ಲಿ ತಾನು ಎಷ್ಟನೆಯವನಾಗಿ ಕುಳಿತಿದ್ದೇನೆಂಬುದು ತಿಳಿದಿದ್ದರೆ ಎಲೆಯ ಮೇಲೆ ಏನು ಬೀಳಬಹುದೆಂಬ ಊಹೆಯೂ ಹದದಲ್ಲಿರುತ್ತದೆ.

ಇದಕ್ಕಿಂತಲೂ ಆಳವಾದ ಇನ್ನೊಂದು ಸಂಗತಿಯುಂಟು. ಗಿರಾಕಿಯ ಹಿತವೂ ಪಾಲುಗಾರನ ಹಿತವೂ ಯಾವಾಗಲೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. 2024ರ ಜುಲೈ ತಿಂಗಳ ಆರಂಭದಲ್ಲಿ ಜಿಯೋ ತನ್ನ ದರಗಳನ್ನು ಏರಿಸಿತು. 28 ದಿನಗಳ ಒಂದು ಯೋಜನೆಯ ಬೆಲೆ 155 ರೂಪಾಯಿಗಳಿಂದ 189ಕ್ಕೂ, ಇನ್ನೊಂದರ ಬೆಲೆ 239ರಿಂದ 299ಕ್ಕೂ ಏರಿದುವು. ಇತರ ದೊಡ್ಡ ಖಾಸಗಿ ಕಂಪೆನಿಗಳೂ ಅದೇ ಸಮಯದಲ್ಲಿ ದರವೇರಿಸಿದುವು. ಆ 34 ಅಥವಾ 60 ರೂಪಾಯಿ ಗಿರಾಕಿಗೆ ತಿಂಗಳ ಹೊರೆ, ಪಾಲುಗಾರನಿಗೆ ತಿಂಗಳ ಹರ್ಷ. ಒಬ್ಬನೇ ಮನುಷ್ಯನು ಎರಡೂ ಆದಾಗ ಬಲಗೈಯಿಂದ ಕೊಟ್ಟುದು ಎಡಗೈಗೆ ಬರುವುದೆಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನವು ಲೆಕ್ಕದ ಮುಂದೆ ನಿಲ್ಲಲಾರದು. ಸಂಸಾರದ ನಾಲ್ಕು ದೂರವಾಣಿಗಳಿಗೆ ವರ್ಷವೆಲ್ಲ ಕೊಡುವ ಹೆಚ್ಚುವರಿಯು ಸಾವಿರಾರು ರೂಪಾಯಿಗಳಾಗಬಹುದು. ಹತ್ತು ಹದಿನೈದು ಸಾವಿರದ ಷೇರುಗಳಿಗೆ ವರ್ಷಕ್ಕೆ ಕೈಗೆ ಬರುವ ಲಾಭಾಂಶವು, ಬಂದರೆ, ಸಾಧಾರಣವಾಗಿ ನೂರರ ಲೆಕ್ಕದಲ್ಲಿರುತ್ತದೆ.

ಈ ಇಬ್ಬಂದಿತನವು ಒಂದು ಕಂಪೆನಿಗೆ ಮಾತ್ರ ಅಂಟಿದ ದೋಷವೆಂದು ತಿಳಿಯಬಾರದು; ಗಿರಾಕಿಯನ್ನು ಪಾಲುಗಾರನಾಗೆಂದು ಕರೆಯುವ ಎಲ್ಲ ಸಂಸ್ಥೆಗಳಲ್ಲಿಯೂ ಅದು ಉಂಟು. ಇದಕ್ಕೆ ಹಳ್ಳಿಹಳ್ಳಿಯ ಮನೆಗಳೂ ಬಲ್ಲ ನಿದರ್ಶನವೆಂದರೆ 1956ರ ಸೆಪ್ಟೆಂಬರ್ 1ರಂದು ಸ್ಥಾಪಿತವಾದ ಜೀವವಿಮಾ ನಿಗಮ. 2022ರ ಮೇ ತಿಂಗಳಲ್ಲಿ ಭಾರತ ಸರಕಾರವು ಆ ನಿಗಮದಲ್ಲಿ ತನಗಿದ್ದ ಒಡೆತನದ ನೂರಕ್ಕೆ ಮೂರೂವರೆ ಭಾಗವನ್ನು ಮಾರಿತು. ಮಾರಾಟಕ್ಕಿಟ್ಟ ಷೇರುಗಳಲ್ಲಿ ಹತ್ತನೆಯ ಒಂದು ಭಾಗವನ್ನು ಪಾಲಿಸಿದಾರರಿಗೆ ಮೀಸಲಿಟ್ಟು, ಷೇರೊಂದಕ್ಕೆ 60 ರೂಪಾಯಿಗಳ ಸೋಡಿಯನ್ನೂ ಕೊಟ್ಟಿತು. ಗೊತ್ತುಮಾಡಿದ ಬೆಲೆ 949, ಪಾಲಿಸಿದಾರರಿಗೆ 889. ಮೀಸಲಿಟ್ಟುದಕ್ಕಿಂತ ಹಲವು ಪಾಲು ಹೆಚ್ಚಾಗಿ ಅರ್ಜಿಗಳು ಬಂದುವು. ಬಹುಮಂದಿಗೆ ಅದೇ ಮೊದಲ ಷೇರು. ಡಿಮ್ಯಾಟ್ ಖಾತೆಯೆಂಬ ಹೆಸರನ್ನು ಕೇಳಿದ್ದೂ ಅದೇ ಮೊದಲು.

ಅಷ್ಟರಲ್ಲಿಯೇ ನಿಗಮದ ಒಳಗೆ ಒಂದು ಬದಲಾವಣೆ ನಡೆದಿದ್ದಿತು. ಲಾಭಸಹಿತ ಪಾಲಿಸಿಗಳ ಹೆಚ್ಚುವರಿಯಲ್ಲಿ ಅದುವರೆಗೆ ನೂರಕ್ಕೆ 95 ಭಾಗವು ಪಾಲಿಸಿದಾರರಿಗೂ 5 ಭಾಗವು ಒಡೆಯನಾದ ಸರಕಾರಕ್ಕೂ ಹೋಗುತ್ತಿದ್ದುವು. ಷೇರುಪೇಟೆಗೆ ಬರುವ ಸಿದ್ಧತೆಯಲ್ಲಿ ಆ ಪ್ರಮಾಣವನ್ನು ಕ್ರಮೇಣ 90ಕ್ಕೂ 10ಕ್ಕೂ ಬದಲಿಸುವ ವ್ಯವಸ್ಥೆಯಾಯಿತು. ಇದು ಕಾನೂನಿನಂತೆಯೇ ಆದದ್ದು. ಖಾಸಗಿ ಕಂಪೆನಿಗಳಲ್ಲಿಯೂ ಇದೇ ರೂಢಿ. ಆದರೂ ಪಾಲಿಸಿದಾರನ ಎಲೆಯಿಂದ ಎತ್ತಿದ ತುತ್ತೇ ಪಾಲುಗಾರನ ಎಲೆಗೆ ಬಿದ್ದುದೆಂಬುದು ಅಂಕಿಗಳಿಂದಲೇ ಕಾಣುತ್ತದೆ.

ಮೇ 17ರಂದು ಪೇಟೆಯಲ್ಲಿ ಆ ಷೇರಿನ ವ್ಯವಹಾರವು ಆರಂಭವಾದಾಗ ಬೆಲೆಯು 949ಕ್ಕಿಂತ ನೂರಕ್ಕೆ ಸುಮಾರು ಎಂಟರಷ್ಟು ಕೆಳಗಿದ್ದಿತು. ಸೋಡಿ ಪಡೆದ ಪಾಲಿಸಿದಾರನಿಗೂ ಮೊದಲ ದಿನವೇ ಕೈಕಚ್ಚಿತು. 2023ರ ಮಾರ್ಚಿಯಲ್ಲಿ ಬೆಲೆಯು 550ಕ್ಕಿಂತಲೂ ಕೆಳಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ಅದೇ ಷೇರು 1000ವನ್ನು ದಾಟಿತು. ಈ ಕಥೆಯಲ್ಲಿ ಗೆದ್ದವರು ಯಾರು, ಸೋತವರು ಯಾರು? ಎಲ್ಲರೂ ಕೊಂಡದ್ದು ಒಂದೇ ವಸ್ತುವನ್ನು, ಒಂದೇ ದಿನ. ಎರಡು ವರ್ಷ ಕಾಯಲು ಶಕ್ತನಾಗಿದ್ದವನಿಗೆ ಹಣ ಮರಳಿತು. ನಡುವೆ ಮಗಳ ಮದುವೆಯೋ ಆಸ್ಪತ್ರೆಯೋ ಬಂದವನು ಅರ್ಧಕ್ಕೆ ಸಮೀಪದ ನಷ್ಟದಲ್ಲಿ ಮಾರಬೇಕಾಯಿತು. ಷೇರು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ತೊಡಗಿಸಿದ ಹಣಕ್ಕೆ ಬೇರೊಂದು ಹೆಸರಿದ್ದಿತೋ ಇಲ್ಲವೋ ಎಂಬುದೇ ಅಲ್ಲಿ ನಿರ್ಣಾಯಕವಾಯಿತು.

ಅಂತರಜಾಲದ ದೂರವಾಣಿಯ ವಿಷಯದಲ್ಲಿಯೇ ಇಂತಹ ಕಥೆಯೊಂದು ಇದಕ್ಕೂ ಹಿಂದೆ ಅಮೆರಿಕದಲ್ಲಿ ನಡೆದಿದ್ದಿತು. ಅಲ್ಲಿಯ ವೊನೇಜ್ ಎಂಬ ಕಂಪೆನಿಯು ಅಂತರಜಾಲದ ಮೂಲಕ ಅಗ್ಗವಾದ ದೂರವಾಣಿಯನ್ನು ಒದಗಿಸಿ 16 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಗಳಿಸಿಕೊಂಡಿದ್ದಿತು. 2006ರ ಮೇ 24ರಂದು ಅದು ಪೇಟೆಗೆ ಬಂದಾಗ, ನೀಡಿದ ಷೇರುಗಳಲ್ಲಿ ನೂರಕ್ಕೆ 13.5ರವರೆಗೆ ತನ್ನ ಗಿರಾಕಿಗಳಿಗೆಂದೇ ತೆಗೆದಿರಿಸಿದ್ದಿತು. ಬೆಲೆಯು ಷೇರಿಗೆ 17 ಡಾಲರು. ಹಿಂದಿನ ವರ್ಷವೊಂದರಲ್ಲಿಯೇ ಕಂಪೆನಿಗೆ 26 ಕೋಟಿ ಡಾಲರುಗಳಿಗೂ ಮಿಕ್ಕಿ ನಷ್ಟವಾಗಿದ್ದಿತು. ಈ ಸಂಗತಿಯನ್ನು ಪ್ರಕಟನ ಪತ್ರದಲ್ಲಿ ಬಚ್ಚಿಟ್ಟಿರಲಿಲ್ಲ; ಓದಿದವರಿಗೆ ಕಾಣುವಂತೆಯೇ ಅಚ್ಚಾಗಿದ್ದಿತು. ಮೊದಲ ದಿನದ ಸಂಜೆಗೆ ಬೆಲೆಯು 14.85 ಡಾಲರಿಗೆ ಇಳಿಯಿತು. ಗಿರಾಕಿಗಳಲ್ಲಿ ಕೆಲವರು ಒಪ್ಪಿಕೊಂಡ ಹಣವನ್ನು ಕೊಡಲೊಲ್ಲೆವೆಂದರು. ನ್ಯಾಯಾಲಯದಲ್ಲಿ ದಾವೆಗಳು ಹೂಡಲ್ಪಟ್ಟುವು. 2007ರಲ್ಲಿ ಪೇಟೆಂಟಿನ ವ್ಯಾಜ್ಯವೊಂದರಲ್ಲಿ ವೆರಿಜಾನ್ ಕಂಪೆನಿಗೆ 5.8 ಕೋಟಿ ಡಾಲರು ಪರಿಹಾರ ಕೊಡಬೇಕೆಂದು ತೀರ್ಪಾಯಿತು. 2008ರ ಕೊನೆಯ ಹೊತ್ತಿಗೆ ಷೇರಿನ ಬೆಲೆ ಒಂದು ಡಾಲರಿಗಿಂತಲೂ ಕಡಿಮೆಯಾಗಿದ್ದಿತು. ಮುಂದೆ ಕಂಪೆನಿಯು ಚೇತರಿಸಿಕೊಂಡು, 2022ರಲ್ಲಿ ಸ್ವೀಡನ್ ದೇಶದ ಎರಿಕ್‌ಸನ್ ಅದನ್ನು ಷೇರಿಗೆ 21 ಡಾಲರಿನಂತೆ ಕೊಂಡಿತು. ಹದಿನಾರು ವರ್ಷ ಎದೆಗಟ್ಟಿ ಮಾಡಿಕೊಂಡಿದ್ದ ಮೊದಲ ಗಿರಾಕಿಗೆ 17ಕ್ಕೆ 21 ದೊರೆಯಿತು. ಬೆಲೆಯ ಏರಿಕೆಯನ್ನಷ್ಟೇ ಎಣಿಸಿದರೆ ವರ್ಷಕ್ಕೆ ನೂರಕ್ಕೆ ಒಂದೂಕಾಲರ ಸುಮಾರು. ಕೊಂಡ ಎರಿಕ್‌ಸನ್ ಕಂಪೆನಿಯೂ ಮರುವರ್ಷವೇ ಆ ಖರೀದಿಯ ಬೆಲೆಯಲ್ಲಿ ದೊಡ್ಡ ಭಾಗವನ್ನು ನಷ್ಟವೆಂದು ತನ್ನ ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಬೆಲೆ ಕಟ್ಟುವ ವಿದ್ಯೆಯಲ್ಲಿ ದೊಡ್ಡವರೂ ತಪ್ಪುತ್ತಾರೆ.

ಇಷ್ಟನ್ನೂ ಕೇಳಿದವರು ಷೇರೆಂಬುದೇ ಬೇಡವೆಂದು ತೀರ್ಮಾನಿಸಿದರೆ ಅದೂ ಸರಿಯಾಗಲಾರದು. ಸಾಮಾನ್ಯ ಸಂಸಾರಗಳೆಲ್ಲ ದೂರವೇ ನಿಂತರೆ ದೇಶದ ಉದ್ಯಮಗಳ ಬೆಳವಣಿಗೆಯ ಫಲವು ಮೊದಲೇ ಧನಿಕರಾದವರ ಮನೆಗೇ ಹೋಗುವುದು. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯು ಷೇರೊಂದನ್ನು 95 ರೂಪಾಯಿಗೆ ನೀಡಿದಾಗ ಕೊಳ್ಳುವವರು ಸಾಕಷ್ಟು ಬರಲಿಲ್ಲ. ಅಂದು ಕೊಂಡು ಇಟ್ಟುಕೊಂಡವರ ಭಾಗ್ಯವನ್ನು ಕರ್ನಾಟಕವೆಲ್ಲ ಬಲ್ಲದು. ಆದರೆ ಆ ಉದಾಹರಣೆಯನ್ನು ಹೇಳುವವರು ಒಂದು ಮಾತನ್ನು ಮರೆಯುತ್ತಾರೆ. ಇನ್ಫೋಸಿಸ್ಸಿನ ಗಿರಾಕಿಗಳು ಬಹುಮಟ್ಟಿಗೆ ಸಮುದ್ರದಾಚೆಯ ಕಂಪೆನಿಗಳು. ಇಲ್ಲಿ ಷೇರು ಕೊಂಡವರು ಅದರ ಗಿರಾಕಿಗಳೆಂಬ ಪ್ರೀತಿಯಿಂದ ಕೊಂಡವರಲ್ಲ. ಬಳಕೆಯ ಮಮತೆಯು ಅಲ್ಲಿ ಕಾರಣವೇ ಆಗಿರಲಿಲ್ಲ.

ಗಿರಾಕಿಯ ಸಣ್ಣ ಹಣವನ್ನು ಉದ್ಯಮಕ್ಕೆ ಸೇರಿಸಿಕೊಳ್ಳುವ ಬೇರೊಂದು ದಾರಿಯನ್ನು ಕನ್ನಡ ಕರಾವಳಿಯು ತೋರಿಸಿಕೊಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಸ್ಥಾಪಿಸಿದ ಸಂಸ್ಥೆಯು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಮನೆಗೆ ಆಳನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುತ್ತಿದ್ದಿತು. ಎರಡಾಣೆ ಕೊಟ್ಟವನಿಗೆ ಎರಡಾಣೆಯೂ ಬಡ್ಡಿಯೂ ಮರಳಬೇಕೆಂಬ ಮಾತು ಅಲ್ಲಿದ್ದಿತು. ಠೇವಣಿಗೂ ಷೇರಿಗೂ ಇರುವ ಅಂತರವು ಇದೇ. ಠೇವಣಿಯಲ್ಲಿ ಬ್ಯಾಂಕು ಸಾಲಗಾರ, ಗಿರಾಕಿ ಸಾಹುಕಾರ. ಷೇರಿನಲ್ಲಿ ಯಾರೂ ಯಾರಿಗೂ ಮರಳಿಸುವ ಮಾತು ಕೊಟ್ಟಿಲ್ಲ; ಲಾಭವಾದರೆ ಪಾಲು, ನಷ್ಟವಾದರೂ ಪಾಲು. ಒಡೆತನವೆಂದರೆ ಅದೇ. ಎರಡೂ ಒಂದೇ ಬ್ಯಾಂಕಿನ ಅದೇ ಖಾತೆಯಿಂದ ಹೊರಡುತ್ತವೆಂಬ ಕಾರಣದಿಂದ ಈ ಅಂತರವು ಕಣ್ಣಿಗೆ ಮರೆಯಾಗುತ್ತದೆ.

ನೀಲಗುಂದದವರಿಗೆ ಇಂತಹ ವಿಷಯದಲ್ಲಿ ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ತಾಮ್ರಶಾಸನಗಳು ಆ ಊರಿನ ಹೆಸರಿನಿಂದಲೇ ವಿದ್ವಾಂಸರಿಗೆ ಪರಿಚಿತವಾಗಿವೆ. ಹಳೆಯ ದಾನಶಾಸನವನ್ನು ಓದುವವರು ರಾಜನ ಬಿರುದಾವಳಿಯನ್ನು ಮೆಚ್ಚಿ, ಆಮೇಲೆ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದು ಏನು, ಅದರ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಹುಡುಕುತ್ತಾರೆ. ಕಂಪೆನಿಯ ಪ್ರಕಟನ ಪತ್ರವನ್ನೂ ಹಾಗೆಯೇ ಓದಬೇಕು. ಮುಂದಿನ ಪುಟಗಳ ಬಿರುದುಗಳನ್ನು ದಾಟಿ, ಹೊಸ ಷೇರುಗಳನ್ನು ಹುಟ್ಟಿಸಿ ಬಂದ ಹಣವನ್ನು ಕಂಪೆನಿಯೇ ಬಳಸುವುದೋ, ಅಥವಾ ಹಳೆಯ ಒಡೆಯರು ತಮ್ಮ ಷೇರುಗಳನ್ನು ಮಾರಿ ಹಣವನ್ನು ತಾವೇ ಒಯ್ಯುವರೋ ಎಂದು ನೋಡಬೇಕು. ಜೀವವಿಮಾ ನಿಗಮದ 2022ರ ಮಾರಾಟದಲ್ಲಿ ಬಂದ ಹಣವೆಲ್ಲ ಸರಕಾರಕ್ಕೆ ಹೋಯಿತು. ನಿಗಮದ ಬೊಕ್ಕಸಕ್ಕೆ ಒಂದು ಕಾಸೂ ಸೇರಲಿಲ್ಲ. ಅಪಾಯಗಳೆಂದು ಅಚ್ಚಾಗಿರುವ ಪುಟಗಳನ್ನು ಓದಬೇಕು; ಸಾಲವೆಷ್ಟು, ವ್ಯಾಜ್ಯಗಳೆಷ್ಟು, ಲಾಭ ಎಷ್ಟು ವರ್ಷದಿಂದ ಬರುತ್ತಿದೆ ಎಂದು ನೋಡಬೇಕು. ಆ ಪತ್ರವು ನೂರಾರು ಪುಟಗಳದು. ಬೆಂಗಳೂರಿನ ಮಗನಿಗೆ ಷೇರಿನ ಮೇಲೆ ಅಷ್ಟು ವಿಶ್ವಾಸವಿದ್ದರೆ, ಆ ಪುಟಗಳಲ್ಲಿ ಇಪ್ಪತ್ತನ್ನಾದರೂ ಓದಿ ತಂದೆಗೆ ಕನ್ನಡದಲ್ಲಿ ಹೇಳುವುದು ಅವನ ಕರ್ತವ್ಯವಾಗುತ್ತದೆ.

ಅರ್ಜಿ ಹಾಕುವ ವಿಧಾನದಿಂದಲೂ ಒಂದು ಭ್ರಾಂತಿ ಹುಟ್ಟುವುದುಂಟು. ಈಗ ಅರ್ಜಿಯ ಹಣವು ಷೇರು ಹಂಚಿಕೆಯಾಗುವವರೆಗೂ ಗಿರಾಕಿಯ ಖಾತೆಯಲ್ಲಿಯೇ ತಡೆದಿರಿಸಲ್ಪಡುತ್ತದೆ. ಸಿಕ್ಕದಿದ್ದರೆ ಹಾಗೆಯೇ ಬಿಡುಗಡೆಯಾಗುತ್ತದೆ. ಸಣ್ಣವರ ಅರ್ಜಿಗಳು ಮಿತಿಮೀರಿ ಬಂದರೆ ಚೀಟಿ ಎತ್ತಿದಂತೆ ಒಬ್ಬೊಬ್ಬರಿಗೆ ಒಂದೊಂದು ಕಂತೆಯಷ್ಟೇ ದೊರೆಯುತ್ತದೆ. ಚೀಟಿಯಲ್ಲಿ ಹೆಸರು ಬಂದಿತೆಂಬ ಸಂಭ್ರಮದಲ್ಲಿ, ದೊರೆತದ್ದು ಬಹುಮಾನವೆಂದು ಮನಸ್ಸು ನಂಬಿಬಿಡುತ್ತದೆ. ದೊರೆತದ್ದು ಹಣ ಕೊಟ್ಟು ಕೊಂಡ ಸರಕು. ಎಲ್ಲರೂ ಬೇಡುತ್ತಿದ್ದಾರೆಂಬುದು ಅದರ ಗುಣಕ್ಕೆ ಸಾಕ್ಷಿಯಾಗಲಾರದು. ಅರ್ಜಿಗಳ ಮಹಾಪೂರ ಬಂದು, ಮೊದಲ ದಿನವೇ ಬೆಲೆ ಕುಸಿದ ಷೇರುಗಳೂ ಇವೆ.

ಆದಕಾರಣ ಉಪಾಧ್ಯಾಯರ ಮನೆಯಲ್ಲಿ ತೀರ್ಮಾನವಾಗಬೇಕಾದುದು ಕಂಪೆನಿಯು ಒಳ್ಳೆಯದೋ ಅಲ್ಲವೋ ಎಂಬುದಕ್ಕಿಂತ ಮುಂಚೆ, ಎರಡು ಲಕ್ಷದಲ್ಲಿ ಹೆಸರಿಲ್ಲದ ಹಣ ಎಷ್ಟಿದೆಯೆಂಬುದು. ಕೊಳವೆಬಾವಿಯ ಹಣಕ್ಕೆ ಹೆಸರಿದೆ, ಮೊಮ್ಮಗಳ ಹಣಕ್ಕೆ ಹೆಸರಿದೆ, ಹೇಳದಿದ್ದರೂ ಕಾಯಿಲೆಯ ಹಣಕ್ಕೂ ಹೆಸರಿದೆ. ಈ ಮೂರನ್ನೂ ಠೇವಣಿಯಲ್ಲಿಯೇ ಬಿಟ್ಟು, ಪಿಂಚಣಿಯಲ್ಲಿ ಉಳಿಸಿದ ಹತ್ತು ಹದಿನೈದು ಸಾವಿರವಿದ್ದರೆ, ಅದು ಐದು ವರ್ಷ ಕಣ್ಣಿಗೆ ಬೀಳದಿದ್ದರೂ, ಅರ್ಧವಾದರೂ ಮನೆಯಲ್ಲಿ ಒಲೆ ಉರಿಯುವುದಾದರೆ, ಬೆಲೆಯನ್ನು ಅಳೆದು ನೋಡಿ ಒಂದು ಕಂತೆಗೆ ಅರ್ಜಿ ಹಾಕಬಹುದು. ಆಗಲೂ ಕಾರಣವು ಲೆಕ್ಕವಾಗಿರಬೇಕು. ಸಂಜೆಯ ಮಾತು ಸ್ಫುಟವಾಗಿ ಕೇಳುತ್ತದೆಂಬುದು ಕಾರಣವಾಗಕೂಡದು. ಕಂಪೆನಿಯ ಸೇವೆಗೆ ಸಲ್ಲಬೇಕಾದ ಕೃತಜ್ಞತೆಯು ತಿಂಗಳು ತಿಂಗಳಿಗೆ ಕೊಡುವ ಹಣದಲ್ಲಿಯೇ ಸಂದಾಯವಾಗಿದೆ. ಅದಕ್ಕಾಗಿ ಗಿರಾಕಿಯು ಇನ್ನು ಯಾವ ಋಣವನ್ನೂ ಹೊತ್ತಿಲ್ಲ. ಷೇರು ದೊರೆತರೂ ದೊರೆಯದಿದ್ದರೂ, ಅದರ ಬೆಲೆ ಏರಿದರೂ ಇಳಿದರೂ, 28ನೆಯ ದಿನ ಬಂದಾಗ ಪಾಲುಗಾರನೂ ಉಳಿದವರಂತೆಯೇ ಪೂರ್ತಿ ದರ ಕೊಟ್ಟು ರೀಚಾರ್ಜು ಮಾಡಿಸಬೇಕು.